ತವರದ ಮೂಗು

ಮುತ್ತಜ್ಜ ಹುಲುಗಣ್ಣ ಮೂರು ಹೊಲದಾಚೆ ಹೊಂಚು ಹಾಕಿದ ತೋಳದ ವಾಸನೆ ಹಿಡಿದು ಇಡೀ ಕುರಿಹಟ್ಟಿಯನ್ನು ಉಳಿಸಿದವನು. ಅಜ್ಜ ದುರುಗಣ್ಣ ಯಾವ ಮರಿ ಯಾವ ಕುರಿಯದೆಂದು ಕಣ್ಣು ಮುಚ್ಚಿ ಮೂಸಿಯೇ ಹೇಳುತ್ತಿದ್ದ. ಅಪ್ಪ ಉಜ್ಜಿನಪ್ಪನಂತೂ ಬೊಗಸೆ ಮಣ್ಣು ಮೂಸಿದನೆಂದರೆ ಮಳೆರಾಯ ಹೊರಟ ಸುದ್ದಿ ಕೊಟ್ಟೂರಿಗೆಲ್ಲ ಮುಟ್ಟುತ್ತಿತ್ತು! ಇಂಥ ಮೂಗಿನ ಮನೆತನದ ಕುಡಿ ಗಾದೆಪ್ಪ. ಆದರೆ ಎರಡು ವರ್ಷದ ಹಿಂದೆ ಬಂದ ಜ್ವರ, ಹೋಗುವಾಗ ವಾಸನೆ ಹಿಡಿಯುವ ಶಕ್ತಿಯನ್ನೂ ಗಂಟು ಕಟ್ಟಿಕೊಂಡು ಹೋಗಿತ್ತು. ಊರವರು ಈಗಲೂ ತುಪ್ಪ ತಂದು "ಮೂಸಿ ಹೇಳಪ್ಪ" ಅನ್ನುತ್ತಿದ್ದರು. ಇವನು ಕಣ್ಣು ಮುಚ್ಚಿ, ತುಸು ತಡೆದು, "ಚೊಲೋ ಐತಿ" ಅನ್ನುತ್ತಿದ್ದ. ಹೆಂಡತಿ ಜಂಬಕ್ಕನಿಗೂ ಈ ಗುಟ್ಟು ತಿಳಿಯದೆಂದು ನಂಬಿದ್ದ.

ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುವ ಮೊಮ್ಮಗಳು ಕೀರ್ತನಾ ಅಂಗೈಯಗಲದ ಡಬ್ಬಿಯೊಂದನ್ನು ತಂದು ಗ್ಯಾಸ್ ಒಲೆಯ ಪಕ್ಕ ಇಟ್ಟಳು.

"ಇದ್ರೊಳಗ ತವರದ ಆಕ್ಸೈಡ್ ಐತಿ ತಾತ, ಕಣ್ಣಿಗೆ ಕಾಣದಷ್ಟು ನುಣ್ಣನ ಪುಡಿ. ಹಾಲಿಗೆ ಹೆಪ್ಪು ಹಾಕ್ದಂಗ ಪಲೇಡಿಯಂ ಅನ್ನೂ ಲೋಹ ಚೂರು ಬೆರೆಸೀವಿ. ಆವಾಗ ಚುರುಕಾಗತೈತಿ. ಗ್ಯಾಸ್ ಸೋರಿದ್ರ ಒದರತೈತಿ."

"ತವರಕ್ಕ ಮೂಗು ಬಂದ್ರ ಗಾದೆಪ್ಪ ಯಾಕ ಬೇಕು? ಅದು ಒದರೂದ್ರೊಳಗ ನಾ ಹತ್ತು ಸಲ ಹೇಳ್ತೀನಿ!"

ಸಂಜೆ ಜಂಬಕ್ಕ ಒಗ್ಗರಣೆ ಕೊಟ್ಟಿದ್ದೇ ತಡ, ಅದರ ಹೊಗೆಗೇ ಡಬ್ಬಿ ಕಿರುಚಿತು. ಗಾದೆಪ್ಪನಿಗೆ ಹಿಗ್ಗೋ ಹಿಗ್ಗು!

"ಹೊಸಾ ಮರಿ! ಮನಿ ವಾಸನಿ ಗೊತ್ತಿಲ್ಲ ಅದಕ್ಕ."

ತಬ್ಬಲಿ ಮರಿಯನ್ನು ಬೇರೆ ಕುರಿ ಒಪ್ಪಬೇಕಾದರೆ ಆ ಕುರಿಯ ವಾಸನೆಯನ್ನೇ ಮರಿಯ ಮೈಗೆ ತಿಕ್ಕುವುದು ಕುರಿಗಾರರ ಪದ್ಧತಿ. ಡಬ್ಬಿಗೂ ಅದೇ ಮದ್ದು! ಮರುದಿನ ಮುಂಜಾನೆ ಹೆಂಗಸರು ಹಟ್ಟಿಗೆ ಹೋದಾಗ, ಹತ್ತು ವರ್ಷ ಹೊದ್ದ ಕಂಬಳಿಯನ್ನು ಒಲೆಯ ಮೇಲೇ ಝಾಡಿಸಿ, ಡಬ್ಬಿಗೆ ಗಸಗಸ ತಿಕ್ಕಿ, ಬಾಣಂತಿ ಕೂಸಿನಂತೆ ಸುತ್ತಿಟ್ಟ. ಝಾಡಿಸುವಾಗ ಕಂಬಳಿಯ ಅಂಚು ಒಲೆಯ ಸಡಿಲ ಬಟನ್ನನ್ನು ತಿರುಗಿಸಿದ್ದು ಅವನ ಗಮನಕ್ಕೆ ಬರಲಿಲ್ಲ.

ತುಸು ಹೊತ್ತಿಗೆ ಕಂಬಳಿಯೊಳಗಿಂದ ಕುಂಯ್ ಕುಂಯ್! ಗಾದೆಪ್ಪ ಎದೆಯುಬ್ಬಿಸಿ ಉಸಿರೆಳೆದ. ಏನೂ ಇಲ್ಲ. ಎರಡು ವರ್ಷದಿಂದ ಏನೂ ಇಲ್ಲವಲ್ಲ!

"ಸುಮ್ಕಿರಲೇ ಮಗನ, ನಾ ಅದೀನಿ" ಎಂದು ಗದರಿ, ಚಹಾ ಕಾಸಲು ಕಡ್ಡಿಪೆಟ್ಟಿಗೆ ತೆಗೆದ.

"ಕಡ್ಡಿ ಗೀರಬ್ಯಾಡ್ರಿ!"

ಹೊಸ್ತಿಲಲ್ಲೇ ವಾಸನೆ ಹಿಡಿದ ಜಂಬಕ್ಕ ಹಾರಿ ಬಂದು ಪೆಟ್ಟಿಗೆ ಕಿತ್ತುಕೊಂಡಳು, ಸಿಲಿಂಡರ್ ಬಂದ್ ಮಾಡಿದಳು, ಕಿಟಕಿ ಬಾಗಿಲು ತೆರೆದಳು.

"ಕಂಬ್ಳಿ ಹೊದ್ಕಂಡಿದ್ದ ತವರಕ್ಕ ತಿಳೀತು, ನಿಮಗ ತಿಳೀಲಿಲ್ಲಲ್ಲ!"

ಗಾದೆಪ್ಪ ಜಗಲಿಯ ಮೇಲೆ ಕುಸಿದ. "ಎಲ್ಡು ವರ್ಸಾತು. ವಾಸನಿನ ಬರವಲ್ದು."

"ನನಗ ಗೊತ್ತೈತಿ. ಸೀದ ಸಾರು ಉಂಡು ಘಮ್ ಅಂತೈತಿ ಅಂದ್ರಲ್ಲ, ಅವತ್ತಿಂದ."

"ಮತ್ತ ಯಾಕ ಹೇಳ್ಲಿಲ್ಲ?"

"ಲಗ್ನಾದ ಮ್ಯಾಲೆ ಮೊದ್ಲ ಸಲ ನನ್ನ ಅಡಿಗಿ ಹೊಗಳಿದ್ರಿ. ಕೆಡಸೂದ್ಯಾಕ ಅಂತ!"

ಗ್ಯಾಸ್ ತಗ್ಗಿಗಿಳಿಯುತ್ತದೆಂದು ಡಬ್ಬಿಯನ್ನು ಒಲೆಯ ಕೆಳಗಡೆಯ ಗೋಡೆಗೆ ಕೂಡಿಸಲು, ಜಂಬಕ್ಕನ ಬೆನ್ನಿಗೇ ಬಂದಿದ್ದ ಕೀರ್ತನಾ ಮೊಳೆ, ಸುತ್ತಿಗೆ ತಂದಳು.

"ನಾ ಬಡಿತೀನಿ ತಾತ, ನೀ ಕುಂತಕೋ."

ಗಾದೆಪ್ಪ ಕಂಬಳಿ ಮಡಚಿ ಹೆಗಲಿಗೇರಿಸಿ ಎದ್ದುನಿಂತ.

"ಬ್ಯಾಡವ್ವ, ಇತ್ಲಾಗ ಕೊಡು. ಹೋಗಿದ್ದು ಮೂಗು, ಕೈ ಅಲ್ಲ."