ಎತ್ತರದ ಕಾರನ್ನು ತಗ್ಗಿನದೆಂದೇ ಭಾವಿಸುವ ಬಗ್ಗೆ

ಸುತ್ತೋಲೆ

ಸಂಖ್ಯೆ: ವಾಹನ/ಏರಿಳಿ/ಎತ್ತರ/2
ದಿನಾಂಕ: ಹೊಸ ಕಾರು ಬಂದ ವಾರದ ಗುರುವಾರ

ವಿಷಯ: ಕಚೇರಿಯ ತಗ್ಗು ಎಲೆಕ್ಟ್ರಿಕ್ ಸೆಡಾನ್ ಬದಲಿಗೆ ಎತ್ತರದ ಎಲೆಕ್ಟ್ರಿಕ್ ಕ್ರಾಸ್‌ಓವರ್ ಬಳಕೆಗೆ ಬಂದಿರುವುದರಿಂದ, ಮುಖ್ಯಾಧಿಕಾರಿಗಳು ಇಳಿಯುವ ವೇಳೆ ಸಿಬ್ಬಂದಿ ಅನುಸರಿಸತಕ್ಕ ಕ್ರಮಗಳು.

ಉಲ್ಲೇಖ: (1) ಇದೇ ಕಚೇರಿಯ ಹಿಂದಿನ ಸುತ್ತೋಲೆ, ‘ಸಾಹೇಬರು ಏಳುವಾಗ ಅತ್ತ ನೋಡದಿರುವ ಬಗ್ಗೆ’.
(2) ಚಾಲಕರ ಮೌಖಿಕ ವರದಿ: “ಈ ಕಾರಲ್ಲಿ ಸಾಹೇಬ್ರು ತಾವಾಗೇ ಇಳೀತಾರೆ. ನಾನೇ ಕಣ್ಣಾರೆ ನೋಡ್ದೆ.”

ಪೀಠಿಕೆ: ಹಳೆಯ ಕಾರು ನೆಲಕ್ಕೆ ಅಂಟಿಕೊಂಡಂತಿದ್ದು, ಅದರಲ್ಲಿ ಕೂರುವುದು ಸುಲಭವೂ ಏಳುವುದು ಭಗೀರಥ ಪ್ರಯತ್ನವೂ ಆಗಿತ್ತು. ಪ್ರತಿದಿನ ಬೆಳಿಗ್ಗೆ ಸೂಪರಿಂಟೆಂಡೆಂಟರು (ಕಚೇರಿಯಲ್ಲಿ ರೂಢಿಯ ಹೆಸರು: ಕೈಯಣ್ಣ) ಮೆಟ್ಟಿಲ ಬಳಿ ಕಾದು, ಬಾಗಿ, ಬಾವಿಯಿಂದ ಕೊಡ ಸೇದಿದಂತೆ ಮುಖ್ಯಾಧಿಕಾರಿಗಳನ್ನು ಕೈಹಿಡಿದು ಮೇಲೆತ್ತುತ್ತಿದ್ದರು. ಆ ಹೊತ್ತಿನಲ್ಲಿ ಉಳಿದವರೆಲ್ಲರೂ ಸೂಚನಾ ಫಲಕದ ಕಡೆಗೆ ಮುಖ ಮಾಡಿ ನಿಲ್ಲತಕ್ಕದ್ದೆಂದು ಉಲ್ಲೇಖ (1)ರಲ್ಲಿ ವಿಧಿಸಲಾಗಿತ್ತು. ಫಲಕದ ಮೇಲೆ ಉಲ್ಲೇಖ (1)ರ ಹೊರತು ಬೇರೇನೂ ಇರಲಿಲ್ಲ.

ಈಗ ಕೆಳಕಂಡಂತೆ ಆದೇಶಿಸಲಾಗಿದೆ:

1. ಕಾರು ಬದಲಾಯಿಸಿದ್ದು ಹಳೆಯ ಬ್ಯಾಟರಿ ಸೋತಿದ್ದರಿಂದಲೇ ಹೊರತು ಅನ್ಯ ಕಾರಣದಿಂದ ಅಲ್ಲ. ‘ಮಂಡಿ’ ಎಂಬ ಪದವನ್ನು ಸಂಬಂಧಿತ ಕಡತದಿಂದ ತೆಗೆದುಹಾಕಲಾಗಿದೆ. ಸದರಿ ಪದವನ್ನು ಕ್ಯಾಂಟೀನಿನಲ್ಲಿ ಬಳಸುವವರು ತಮ್ಮ ಸ್ವಂತ ಮಂಡಿಗೆ ಸಂಬಂಧಿಸಿದಂತೆ ಮಾತ್ರ ಬಳಸತಕ್ಕದ್ದು.

2. ಮುಖ್ಯಾಧಿಕಾರಿಗಳು ಇಳಿಯುವುದನ್ನು ಸಿಬ್ಬಂದಿ ಇನ್ನು ಮುಂದೆ ನೋಡಬಹುದಾಗಿದೆ. ನೋಡುವಾಗ ಮುಖದಲ್ಲಿ ಮಿತವಾದ ಆಶ್ಚರ್ಯ ಇರತಕ್ಕದ್ದು. ಚಪ್ಪಾಳೆ ಕೂಡದು. ಹಳೆಯ ಅಭ್ಯಾಸದಿಂದ ಫಲಕದತ್ತ ತಿರುಗುವವರು ಅದನ್ನು ಓದತಕ್ಕದ್ದು.

3. ಆಸನವು ಸೊಂಟದ ಮಟ್ಟಕ್ಕೇ ಇರುವುದರಿಂದ ಮುಖ್ಯಾಧಿಕಾರಿಗಳಿಗೆ ಕೈ ನೀಡುವ ಪದ್ಧತಿಯನ್ನು ರದ್ದುಪಡಿಸಲಾಗಿದೆ. ಈ ನಿಯಮ ಸೋಮವಾರದಿಂದಲೇ ಬಾಯಿಮಾತಿನಲ್ಲಿ ಜಾರಿಯಲ್ಲಿದ್ದು, ಅದರಂತೆ ಕೈಯಣ್ಣನವರು ಕಾರಿನಿಂದ ದೂರ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲತಕ್ಕದ್ದು. ತಪ್ಪಿದಲ್ಲಿ

(ಟಿಪ್ಪಣಿ: ಕಲಂ 3 ಇಲ್ಲಿಗೇ ನಿಂತಿದೆ. ಇಲ್ಲಿಂದ ಮುಂದಕ್ಕೆ ಮುಖ್ಯಾಧಿಕಾರಿಗಳೇ ಒಂದು ಬೆರಳಿನಿಂದ ಟೈಪು ಮಾಡಿರುವುದರಿಂದ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಲು ಕೋರಲಾಗಿದೆ.)

4. ಕೈಹಿಡಿದು ಎತ್ತುವಾಗ ಕೈಯಣ್ಣನವರ ಬಾಯಿ ಮುಖ್ಯಾಧಿಕಾರಿಗಳ ಕಿವಿಗೆ ಹತ್ತಿರ ಬರುತ್ತಿತ್ತೆಂಬ ಅಂಶವನ್ನು ಈ ಕಚೇರಿ ತಡವಾಗಿ ಗಮನಿಸಿದೆ. “ಸಾರ್, ಶರ್ಟಿನ ಗುಂಡಿ ಒಂದು ಮೇಲೆ ಹೋಗಿದೆ.” “ಸಾರ್, ಕ್ಯಾಷಿಯರ್ ಮನೇಲಿ ಮಗು ರಾತ್ರಿಯೆಲ್ಲ ಅತ್ತಿದೆ, ಇವತ್ತು ರೇಗ್ಬೇಡಿ.” ಇದನ್ನು ಚಾಡಿ ಎನ್ನುವವರೂ ಉಂಟು. ಕಚೇರಿ ನಡೆಯುತ್ತಿದ್ದುದು ಇದರಿಂದಲೇ. ಕೈಯಣ್ಣನ ಕಿವಿಗೆ ಹಾಕಿದರೆ ಸಾಹೇಬರಿಗೆ ತಲುಪಿದಂತೆಯೇ ಎಂದು ನಂಬಿ, ಯಾರೂ ಮುಖ್ಯಾಧಿಕಾರಿಗಳಿಗೆ ಏನನ್ನೂ ಬಿಡಿಸಿ ಹೇಳುತ್ತಿರಲಿಲ್ಲ. ಅವರೂ ಯಾರನ್ನೂ ಬಿಡಿಸಿ ಕೇಳಿದವರಲ್ಲ.

5. ಹೊಸ ಕಾರಿನಿಂದ ಮುಖ್ಯಾಧಿಕಾರಿಗಳು ರಾಜಗಾಂಭೀರ್ಯದಿಂದ ಇಳಿದು ನೇರವಾಗಿ ಒಳಗೆ ನಡೆದಿರುತ್ತಾರೆ. ಪರಿಣಾಮವಾಗಿ, ಮಂಗಳವಾರ ಉಗ್ರಾಣದ ಗುಮಾಸ್ತರಿಗೆ ಮಗಳ ಮದುವೆಯ ಶುಭಾಶಯ ಕೋರಲಾಗಿದೆ. ಸಂಬಂಧ ಹಿಂದಿನ ಭಾನುವಾರವೇ ಮುರಿದುಬಿದ್ದಿತ್ತು. ಬುಧವಾರದ ಸಭೆಯಲ್ಲಿ ಗುಂಡಿ ತಪ್ಪಿದ ಶರ್ಟಿನಲ್ಲೇ ಶಿಸ್ತಿನ ಬಗ್ಗೆ ಭಾಷಣ ಮಾಡಲಾಗಿದೆ. ಕಲಂ 2ರ ಪ್ರಕಾರ ಎಲ್ಲರೂ ನೋಡಿದ್ದಾರೆ.

6. ಇಂದು ಬೆಳಿಗ್ಗೆ ಟೈಪಿಸ್ಟರು ಬಂದು, “ಸಾರ್, ಅಮ್ಮನ ವಿಷ್ಯ... ನಿಮಗೆ ಗೊತ್ತೇ ಇದೆಯಲ್ಲ, ನಾನು ಹೊರಡ್ಲಾ?” ಎಂದು ಕೇಳಿರುತ್ತಾರೆ. ಮುಖ್ಯಾಧಿಕಾರಿಗಳಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಿಂಕ ಬಿಡಲಿಲ್ಲ. “ಅಮ್ಮ ಎಲ್ಲರ ಮನೇಲೂ ಇರ್ತಾರೆ ಕಣಮ್ಮ. ಕೂತ್ಕೊಂಡು ಈ ಸುತ್ತೋಲೆ ಟೈಪ್ ಮಾಡು” ಎಂದು ಆದೇಶಿಸಲಾಯಿತು. ಅವರು ಕೂತು, ಕಲಂ 1, 2 ಮತ್ತು ಮುಕ್ಕಾಲು ಕಲಂ 3ನ್ನು ಒಂದು ತಪ್ಪೂ ಇಲ್ಲದೆ ಟೈಪು ಮಾಡಿರುತ್ತಾರೆ.

7. ‘ತಪ್ಪಿದಲ್ಲಿ’ ಎಂಬ ಪದದ ಬಳಿ ಅವರ ಫೋನು ರಿಂಗಾಯಿತು. ಅವರ ತಾಯಿಗೆ ಇಂದೇ ಹೃದಯದ ಆಪರೇಷನ್ ಎಂದೂ, ಸಹಿ ಹಾಕಲು ಮಗಳ ಹೊರತು ಮತ್ಯಾರೂ ಇಲ್ಲವೆಂದೂ, ಆಸ್ಪತ್ರೆಯವರು ಕಾದು ಕಾದು ಸರದಿಯನ್ನು ಮಧ್ಯಾಹ್ನಕ್ಕೆ ಮುಂದೂಡಿದ್ದಾರೆಂದೂ ಆಗ ತಿಳಿದುಬಂತು. ಇದು ಇಡೀ ಕಚೇರಿಗೆ ಮೊದಲೇ ಗೊತ್ತಿತ್ತು.

8. “ಯಾಕ್ರೀ ನನಗೆ ಹೇಳ್ಲಿಲ್ಲ?” ಎಂದು ಮುಖ್ಯಾಧಿಕಾರಿಗಳು ಕೇಳಿದ್ದಕ್ಕೆ ಕೈಯಣ್ಣನವರ ಉತ್ತರವನ್ನು ಇದ್ದ ಹಾಗೇ ದಾಖಲಿಸಲಾಗಿದೆ: “ಸೋಮವಾರದಿಂದ ಕೈಕಟ್ಟಿ ನಿಂತಿದ್ದೀನಿ ಸಾರ್. ಅಷ್ಟು ದೂರದಿಂದ, ಎಲ್ಲರ ಎದುರಿಗೆ, ಅವರಮ್ಮನ ವಿಷ್ಯ ಕೂಗಿ ಹೇಳ್ಲಾ?” ಮುಖ್ಯಾಧಿಕಾರಿಗಳಿಗೆ ನಾಚಿಕೆಯಾಗಿದೆ. ಈ ವಾಕ್ಯವನ್ನು ಕಡತದಿಂದ ತೆಗೆಯತಕ್ಕದ್ದಲ್ಲ.

9. ಟೈಪಿಸ್ಟರನ್ನು ಹೊಸ ಕಾರಿನಲ್ಲೇ ಆಸ್ಪತ್ರೆಗೆ ಕಳುಹಿಸಲಾಗಿದ್ದು, ಅವರು ಸಹಿಯ ವೇಳೆಗೆ ತಲುಪಿದ್ದಾರೆ. ಸಂಜೆಗೆ ಬಂದ ಚಾಲಕರ ವರದಿ: “ಆಪರೇಷನ್ ಚೆನ್ನಾಗಾಯ್ತಂತೆ ಸಾರ್. ಅವರಮ್ಮ ಕಣ್ಣು ಬಿಟ್ಟೋರೇ ‘ಆಫೀಸಿಗೆ ಹೋಗಲ್ವೇನೇ, ಸಾಹೇಬ್ರು ಬೈತಾರೆ’ ಅಂದ್ರಂತೆ.”

10. ಆದ್ದರಿಂದ ಕಲಂ 1ರಿಂದ 3ರವರೆಗೆ ರದ್ದುಪಡಿಸಿ, ಈ ಸುತ್ತೋಲೆಯ ಉದ್ದೇಶಕ್ಕಾಗಿ ಎತ್ತರದ ಕಾರನ್ನು ತಗ್ಗಿನದೆಂದೇ ಭಾವಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ. ಕಾರು ನಿಂತ ಕೂಡಲೇ ಮುಖ್ಯಾಧಿಕಾರಿಗಳು ಏಳಲಾಗದವರಂತೆ ಕೂತು, “ಅಯ್ಯಪ್ಪಾ” ಎಂದು ಮೆಟ್ಟಿಲಿಗೆ ಕೇಳುವಷ್ಟು ಗಟ್ಟಿಯಾಗಿ ನರಳಿ, ಕೈ ಚಾಚತಕ್ಕದ್ದು. ಕೈಯಣ್ಣನವರು ಹತ್ತಿರ ಬಂದು, ಬಾಗಿ, ಎಳೆಯತಕ್ಕದ್ದು. ಹೇಳುವುದೆಲ್ಲ ಮುಗಿಯುವವರೆಗೆ ಮುಖ್ಯಾಧಿಕಾರಿಗಳು ಮೇಲೆ ಏಳತಕ್ಕದ್ದಲ್ಲ. ಉಳಿದವರು ಫಲಕ ನೋಡತಕ್ಕದ್ದು.

11. ಕೈಯಣ್ಣನವರು ರಜೆಯಲ್ಲಿದ್ದ ದಿನ ಮುಖ್ಯಾಧಿಕಾರಿಗಳು ತಾವೇ ಇಳಿದು, ಪ್ರತಿ ಮೇಜಿನ ಬಳಿ ಹೋಗಿ, “ಮನೇಲಿ ಹೇಗಿದ್ದಾರೆ?” ಎಂದು ಬಾಯಿಬಿಟ್ಟು ಕೇಳತಕ್ಕದ್ದು. ಅಭ್ಯಾಸವಿಲ್ಲದ ಕಾರಣ ಮೊದಮೊದಲು ತೊದಲಿದರೆ ಸಿಬ್ಬಂದಿ ನಗಬಾರದೆಂದು ಕೋರಿಕೆ.

12. ಟೈಪಿಸ್ಟರ ತಾಯಿ ಮನೆಗೆ ಹೊರಡುವ ದಿನ ಸದರಿ ಕಾರು ಆಸ್ಪತ್ರೆಯ ಬಾಗಿಲಲ್ಲಿ ನಿಂತಿರತಕ್ಕದ್ದು. ಆ ದಿನದ ಮಟ್ಟಿಗೆ ಕಾರು ಎತ್ತರದ್ದೇ. ಬಗ್ಗದೆ ಹತ್ತಬಹುದು, ಬಗ್ಗದೆ ಇಳಿಯಬಹುದು. ಅವರಿಗೆ ಕೈ ನೀಡುವವರು ಮುಖ್ಯಾಧಿಕಾರಿಗಳು.

ಸಹಿ/-
ಮುಖ್ಯಾಧಿಕಾರಿ
(ಸ್ವಂತ ಬೆರಳಿನಿಂದ)

ಪ್ರತಿಗಳು:
1. ಕೈಯಣ್ಣನವರಿಗೆ, ಬೆನ್ನ ಹಿಂದಿನ ಕೈಗಳನ್ನು ಮುಂದಕ್ಕೆ ತರುವ ಕ್ರಮಕ್ಕಾಗಿ.
2. ಚಾಲಕರಿಗೆ, ಕಣ್ಣಾರೆ ನೋಡಿದ್ದನ್ನು ಮರೆಯಲು.
3. ಸೂಚನಾ ಫಲಕಕ್ಕೆ.
4. ಮುಖ್ಯಾಧಿಕಾರಿಗಳ ಮಂಡಿಗಳಿಗೆ (ಎಡ ಮತ್ತು ಬಲ), ಸಹಕಾರ ಕೋರಿ.
5. ಟೈಪಿಸ್ಟರಿಗೆ, ಕೇಳಿದ ರಜೆ ಮತ್ತು ಕೇಳದ ರಜೆ ಎರಡನ್ನೂ ಮಂಜೂರು ಮಾಡಿ. ಈ ಪ್ರತಿಯ ತಪ್ಪುಗಳನ್ನು ಆಸ್ಪತ್ರೆಯಲ್ಲಿ ಕೂತು ತಿದ್ದತಕ್ಕದ್ದಲ್ಲ.
6. ಟೈಪಿಸ್ಟರ ತಾಯಿಯವರಿಗೆ, ಆಸ್ಪತ್ರೆ ವಿಳಾಸಕ್ಕೆ: ಸಾಹೇಬರು ಬೈಯುವುದಿಲ್ಲ.