ಮುಖ ಗೊತ್ತು, ಹೆಸರು ಗೊತ್ತಿಲ್ಲ

ಕೆಲವರ ಜೊತೆ ಓಡಾಡಿದರೆ ಸಾಕು, ನಗುವಂಥದ್ದು ಏನಾದರೂ ಆಗಿಯೇ ಆಗುತ್ತದೆ. ನನಗೆ ಗೊತ್ತಿರುವ ಐರಿಷ್ ನಟರೊಬ್ಬರು ಅಂಥವರು. ಡಬ್ಲಿನ್ನಿನ ನಾಟಕಗಳಲ್ಲಿ ಶುರುಮಾಡಿ, ಸಿನಿಮಾಗಳಲ್ಲಿ ಪಾದ್ರಿ, ಪೊಲೀಸು, ಕುಡುಕ, ಕೊಲೆಗಾರ ಎಲ್ಲ ಆದವರು. ಹೀರೋ ಮಾತ್ರ ಒಮ್ಮೆಯೂ ಆಗಲಿಲ್ಲ. ವಯಸ್ಸಾದ ಮೇಲೆ ಅಮೆರಿಕದ ಸ್ಯಾನ್ ರಮೋನ್‌ನಲ್ಲಿರುವ ಮಗಳ ಮನೆಗೆ ಬಂದರು. ಅಲ್ಲಿನ ಸಣ್ಣ ನಾಟಕ ತಂಡ ಸೇರಿದರು. ಅದರಲ್ಲಿ ನಾನು ವೀಕೆಂಡ್ ಪ್ರಾಂಪ್ಟರು. ಪರದೆ ಪಕ್ಕ ನಿಂತು, ಮಾತು ಮರೆತವರಿಗೆ ಪಿಸುಗುಟ್ಟುವ ಕೆಲಸ. ಅವರಿಗೆ ಕಾರು ಓಡಿಸುವಷ್ಟು ಕಣ್ಣು ಕಾಣದು, ಹಾಗಾಗಿ ರೈಡು ಕೊಡುವುದೂ ನಾನೇ.

ಹಲ್ಲು

ಒಮ್ಮೆ ರಿಹರ್ಸಲ್ಲಿಗೆ ಹೋಗುವಾಗ ಗ್ರೋಸರಿಗೆ ಇಳಿದೆವು. ಟೊಮೇಟೊ ಆರಿಸುತ್ತಿದ್ದ ಹೆಂಗಸೊಬ್ಬಳು ಇವರನ್ನು ನೋಡಿ ನಿಂತಳು.

"ಎಲ್ಲೋ ನೋಡಿದೀನಲ್ಲ... ಹಾಂ! ನೀವು ನಮ್ಮ ಹಳೇ ಡೆಂಟಿಸ್ಟು!"

ಇವರು ಬಾಯಿ ತೆರೆಯುವ ಮೊದಲೇ ಅವಳು ತೆರೆದಾಗಿತ್ತು. ಈಗಿನ ಡೆಂಟಿಸ್ಟು ಹಿಂದಿನ ಹಲ್ಲು ಕೀಳಿಸಬೇಕು ಅಂದಿದ್ದಾರಂತೆ. ಇವರು ಕನ್ನಡಕ ಏರಿಸಿಕೊಂಡು ಇಣುಕಿದರು, ಹ್ಞೂಂಗುಟ್ಟಿದರು. "ಇನ್ನೊಬ್ಬ ಡಾಕ್ಟರನ್ನೂ ಕೇಳಿ ನೋಡಿ" ಅಂದರು. ಅವಳು ನಿರಾಳವಾಗಿ ಹೋದಳು.

ಕಾರಿನಲ್ಲಿ ಕೇಳಿದೆ: "ನೀವು ಡೆಂಟಿಸ್ಟ್ ಅಲ್ಲ ಅಂತ ಹೇಳಬಾರದಿತ್ತಾ?"

"ಆ ಪಾರ್ಟು ಇದುವರೆಗೂ ಯಾರೂ ಕೊಟ್ಟಿರಲಿಲ್ಲಮ್ಮ. ಬಿಡೋಕಾಗುತ್ತಾ?"

ಚಾಕು

ಹುಬ್ಬಳ್ಳಿಯಿಂದ ಅವ್ವ ಬಂದಿದ್ದಾಗ ಅವರನ್ನು ಊಟಕ್ಕೆ ಕರೆದೆ. ಹಿಂದಿನ ದಿನವಷ್ಟೇ ಅವ್ವ ಟೀವಿಯಲ್ಲಿ ಅವರ ಸಿನಿಮಾ ನೋಡಿದ್ದಳು. ಅದರಲ್ಲಿ ಅವರು ಸ್ವಂತ ಅಣ್ಣನನ್ನೇ ಇರಿದು ಕೊಲ್ಲುತ್ತಾರೆ. ಬಾಗಿಲಲ್ಲಿ ಅವರನ್ನು ಕಂಡವಳೇ ಅಡುಗೆಮನೆಗೆ ಓಡಿ, ಇದ್ದಬದ್ದ ಚಾಕುಗಳನ್ನೆಲ್ಲ ಅಕ್ಕಿ ಡಬ್ಬಿಯೊಳಗೆ ಹುಗಿದಳು.

"ಅವ್ವಾ, ಅದು ಆ್ಯಕ್ಟಿಂಗು!"

"ಇರ್ಲಿ. ಕೈಗೆ ರೂಢಿ ಇರತೈತಿ."

ಊಟಕ್ಕೆ ಕೂತರು. ರೊಟ್ಟಿಗೆ ಕೆಂಪು ಚಟ್ನಿಯನ್ನು ಜಾಮಿನ ಹಾಗೆ ದಪ್ಪಗೆ ಬಳಿದು ಬಾಯಿಗಿಟ್ಟರು. ಕಣ್ಣಿಂದ ದಳದಳ ನೀರು. ಅವ್ವ ಕರಗಿಹೋದಳು. ತಟ್ಟೆಗೆ ಮೊಸರು ಸುರಿಯುತ್ತಾ ಅಂದಳು: "ಅಳಬ್ಯಾಡಪಾ. ಆಗಿದ್ದು ಆಗಿ ಹೋತು. ನಿಮ್ಮಣ್ಣ ಕ್ಷಮಿಸ್ಯಾನ."

ಸಾವು

ನಮ್ಮ ನಾಟಕದಲ್ಲಿ ಅವರದು ಮುದುಕನ ಪಾತ್ರ. ಮೊದಲ ದೃಶ್ಯದಲ್ಲಿ ಪಕ್ಕದ ಮನೆಯಾಕೆಗೆ ಮದುವೆಯ ಮಾತೆತ್ತಬೇಕು, ಕೊನೆಯ ದೃಶ್ಯದಲ್ಲಿ ಎದೆ ಹಿಡಿದುಕೊಂಡು ಸಾಯಬೇಕು. ಮೊದಲ ಷೋ, ಹೌಸ್‌ಫುಲ್.

"ಏನೋ ಹೇಳಬೇಕು ಅಂದಿರಲ್ಲ?" ಅಂದಳು ಪಕ್ಕದ ಮನೆಯಾಕೆ.

ಇವರು ಸುಮ್ಮನೆ ನಿಂತರು. ನಾನು ಪಿಸುಗುಟ್ಟಿದೆ. ಜೋರಾಗಿ ಪಿಸುಗುಟ್ಟಿದೆ. ಕೊನೆಯ ಸಾಲಿನವರಿಗೂ ಕೇಳಿಸಿತು, ಇವರಿಗೆ ಕೇಳಿಸಲಿಲ್ಲ. ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು ದೊಪ್ಪನೆ ಬಿದ್ದರು!

ಪಕ್ಕದ ಮನೆಯಾಕೆ ನಿಜವಾಗಿಯೇ ಕಿರುಚಿದಳು. ಪರದೆ ಬಿತ್ತು. ನಾನು ಫೋನು ಹಿಡಿದು ಓಡಿದೆ. "ಸರ್! ಸರ್!" ಅಂತ ಭುಜ ಅಲುಗಿಸಿದೆ.

ಒಂದು ಕಣ್ಣು ಮೆಲ್ಲಗೆ ತೆರೆಯಿತು. "ಪರದೆ ಬಿತ್ತಾ?"

"ಬಿತ್ತು! ಏನಾಯ್ತು ನಿಮಗೆ?"

"ಮಾತೆಲ್ಲ ಮರೆತುಹೋಯ್ತಮ್ಮ. ಸಾಯೋದೊಂದೇ ಚೆನ್ನಾಗಿ ನೆನಪಿತ್ತು."

ಫೋನು ಜೇಬಿಗಿಟ್ಟೆ. ಆಮೇಲೆ, ಮಾತು ಮರೆತುಹೋಗಿತ್ತು ಅಂತ ಸಭೆಯ ಕ್ಷಮೆ ಕೇಳಿ ಮೊದಲಿಂದ ಆಡಿದೆವು. ಈ ಸಲ ಒಂದು ಮಾತೂ ತಪ್ಪಲಿಲ್ಲ. ಕೊನೆಯ ದೃಶ್ಯ ಬಂತು. ಎದೆ ಹಿಡಿದುಕೊಂಡರು, ತತ್ತರಿಸಿದರು, ನೆಲಕ್ಕೊರಗಿದರು. ಅಂಥ ಸಾವನ್ನು ನಾನು ರಂಗದ ಮೇಲೆ ನೋಡಿಲ್ಲ. ಸಭೆ ಉಸಿರು ಬಿಗಿಹಿಡಿದು ಕೂತಿತ್ತು.

ಆ ಮೌನದಲ್ಲಿ ಹಿಂದಿನ ಸಾಲಿನಿಂದ ಯಾರೋ ಪುಣ್ಯಾತ್ಮರು ಕೂಗಿದರು: "ಪ್ರಾಂಪ್ಟರ್, ಇನ್ನೂ ಸ್ವಲ್ಪ ಜೋರಾಗಿ ಹೇಳಿಕೊಡಮ್ಮ, ಪಾಪ ಮತ್ತೆ ಮರೆತಿದಾರೆ!"