ನಮ್ಮ ಮನೆಯವರ ಸಕ್ಕರೆ ಇಳಿಸಿದ ಕಥೆ

ಉಳವಿಯ ಚನ್ನಬಸವಣ್ಣನ ಪಾದಕ್ಕೆ ಶರಣು. ಕಣ್ಣು ಕೊಡುವವನೂ ಅವನೇ, ಅದನ್ನು ಕಾಯ್ದುಕೊಳ್ಳುವ ಬುದ್ಧಿ ಕೊಡುವವನೂ ಅವನೇ. ನಮ್ಮ ಮನೆಯವರಿಗೆ ಬುದ್ಧಿಯನ್ನು ಸ್ವಲ್ಪ ತಡವಾಗಿ ಕೊಟ್ಟ, ಅಷ್ಟೇ.

ಸಕ್ಕರೆ ಕಾಯಿಲೆ ಹೊಕ್ಕ ಮನೆಯಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಕಾಯಿಲೆ ಒಬ್ಬರಿಗೆ, ತಲೆನೋವು ಇನ್ನೊಬ್ಬರಿಗೆ. ನಮ್ಮ ಮನೆಯವರು ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬಲಗಣ್ಣು ಸಕ್ಕರೆಯಿಂದಾಗಿ ಮೊದಲೇ ಹೋಗಿತ್ತು. ಉಳಿದ ಎಡಗಣ್ಣಿಗೆ ಪೊರೆ ಬಂತು. ಧಾರವಾಡದ ಕಣ್ಣಿನ ಡಾಕ್ಟರಮ್ಮ ನೋಡಿ, "ಸಕ್ಕರಿ ಇಳಿಸ್ಕೊಂಡು ಮೂರು ತಿಂಗಳು ಬಿಟ್ಟು ಬರ್ರಿ, ಆಮ್ಯಾಲೆ ಆಪರೇಷನ್. ಇರೂದು ಒಂದ ಕಣ್ಣು, ಗಡಿಬಿಡಿ ಬ್ಯಾಡ" ಅಂದರು. ಇಳಿಸುವುದೇನು ಮಹಾ ಅಂದುಕೊಂಡೆ. ದೇವರು ಮೇಲಿನಿಂದ ನಕ್ಕಿರಬೇಕು.

ಮೂರು ದಿನದ ತಪಸ್ಸು

ಎರಡು ತಿಂಗಳು ಇಪ್ಪತ್ತೇಳು ದಿನ ಇವರು ಮೊದಲಿನಂತೆಯೇ ಉಂಡರು. ಕೇಳಿದರೆ, "ಇನ್ನೂ ಟೈಮ್ ಐತಿ ತಡಿ" ಎನ್ನುವರು. ಕೊನೆಯ ಮೂರು ದಿನ ಮಾತ್ರ ಘೋರ ತಪಸ್ಸು. ಮುಂಜಾನೆ ಹಾಗಲಕಾಯಿ ರಸ, ಮಧ್ಯಾಹ್ನ ಮಜ್ಜಿಗೆ, ರಾತ್ರಿ ನಿಟ್ಟುಸಿರು. ಧಾರವಾಡದ ಬಸ್ಸಿನಲ್ಲಿ ಹಳಿಯಾಳ ದಾಟುವ ಹೊತ್ತಿಗೆ ತಲೆ ನನ್ನ ಹೆಗಲ ಮೇಲೆ ಜೋಲಿ ಹೊಡೆಯುತ್ತಿತ್ತು.

ಬೆರಳು ಚುಚ್ಚಿ ನೋಡಿದರೆ ಸಕ್ಕರೆ ನೂರಾ ನಾಲ್ಕು! ಇವರು ಸಾಲಿನಲ್ಲಿ ಕೂತ ಉಳಿದ ರೋಗಿಗಳತ್ತ ತಿರುಗಿ, ಫಸ್ಟ್ ಕ್ಲಾಸಿನಲ್ಲಿ ಪಾಸಾದ ಹುಡುಗನ ಹಾಗೆ ಮೀಸೆ ತಿರುವಿದರು. ಅಷ್ಟರಲ್ಲಿ ಡಾಕ್ಟರಮ್ಮ ಇನ್ನೊಂದು ಚೀಟಿ ತೆಗೆದರು. "ಇದು ಮೂರು ತಿಂಗಳ ಸರಾಸರಿ ಹೇಳೂ ಪರೀಕ್ಷೆ. ಹತ್ತೂವರೆ ಐತ್ರಿ, ಏಳರ ಹಂತ್ಯಾಕ ಇರಬೇಕಿತ್ತು. ಉಪವಾಸ ಮಾಡಿ ಗುಳಿಗಿ ನುಂಗೀರಲ್ಲ, ದಾರ್‍ಯಾಗ ಬಿದ್ದಿದ್ರ ಯಾರು ಗತಿ?"

ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಇವರು ತಗ್ಗಿಸಲಿಲ್ಲ. "ಮೂರು ದಿನದಿಂದ ಸುಧಾರಿಸೇನಲ್ರಿ ಡಾಕ್ಟರ್ರ" ಅಂದರು. "ಸುಧಾರಿಸಿದ ಮನಿಷ್ಯಾನ ಹಳೇ ಪಾಪ ಯಾಕ ಕೆದಕ್ತೀರಿ?"

ನಾದಿನಿಯ ಔಷಧ

ಇವರ ಬೇನೆಯ ಸುದ್ದಿ ಕೇಳಿ ಹಳಿಯಾಳದ ಹತ್ತಿರದ ಹಳ್ಳಿಯಿಂದ ನಾದಿನಿ ಓಡಿ ಬಂದಳು. ಅಣ್ಣನ ಮೇಲೆ ಪ್ರಾಣ ಇಟ್ಟವಳು. ಚೀಲದಿಂದ ಅಚ್ಚು ಹಾಕಿದ ಪೆಂಟೆ ಬೆಲ್ಲ ಹೊರಬಂತು. ಒಂದಲ್ಲ, ನಾಲ್ಕು.

"ಏನವಾ ಇದು? ನಿಮ್ಮಣ್ಣಗ ಸಕ್ಕರಿ ಐತಿ" ಅಂದೆ.

"ಅದಕ್ಕ ತಂದೇನಿ ವೈನಿ. ಡಾಕ್ಟರು ಸಕ್ಕರಿ ಬಿಡ್ರಿ ಅಂದಾರ ಹೌದಿಲ್ಲೋ?"

"ಹೌದು."

"ಬೆಲ್ಲ ಬಿಡ್ರಿ ಅಂದಾರೇನು?"

"ಎರಡೂ ಒಂದ ಕಬ್ಬಿಂದವ!"

"ಒಂದ ಹೊಟ್ಟ್ಯಾಗ ಹುಟ್ಟಿದವರೆಲ್ಲಾ ಒಂದ ಥರಾ ಇರ್ತಾರೇನ ವೈನಿ? ಸಕ್ಕರಿ ಫ್ಯಾಕ್ಟರಿಗೆ ಹೋಗಿ ಕೆಟ್ಟೈತಿ. ಬೆಲ್ಲ ಮನ್ಯಾಗ ಬೆಳದದ್ದು."

ಇವರು ಮೂಲೆಯಲ್ಲಿ ಕೂತು, ಸಾಕ್ಷಿ ಹೇಳುವವರಂತೆ ತಲೆಯಾಡಿಸುತ್ತಿದ್ದರು. ನಾನು ಬೆಲ್ಲವನ್ನೆಲ್ಲ ಅಟ್ಟದ ಮೇಲಿಟ್ಟೆ. ಮರುದಿನ ಒಂದು ಪೆಂಟೆಯ ಮೂಲೆ ಮುರಿದಿತ್ತು. ಕಣ್ಣೆದುರಿನ ಬಾಗಿಲು ಕಾಣದೆ ಹಣೆ ಜಜ್ಜಿಕೊಳ್ಳುವ ಮನುಷ್ಯ, ಕತ್ತಲ ಅಟ್ಟದಲ್ಲಿ ಬೆಲ್ಲ ಹೇಗೆ ಹುಡುಕಿದರು? ಕೇಳಿದೆ.

"ಎಲ್ಲಾ ಶಿವನ ಲೀಲಾ" ಅಂದರು, ಬಾಯಿ ಒರೆಸಿಕೊಂಡು.

ಭಕ್ತಿ ಬಂತು

ಇದು ನನಗೆ ಬಹಳ ಸಂಕಟ ಕೊಟ್ಟ ಪ್ರಸಂಗ. ಮದುವೆಯಾದಾಗಿನಿಂದ ನನ್ನದೊಂದೇ ಬೇಡಿಕೆ: ಇವರಿಗೆ ಸ್ವಲ್ಪ ದೈವಭಕ್ತಿ ಬರಲಿ. ಗುಡಿಗೆ ಕರೆದರೆ ಹೊರಗೆ ಚಪ್ಪಲಿ ಕಾಯುತ್ತ ನಿಲ್ಲುವ ಜಾತಿ ಇವರದು. ಅಂಥವರು ಒಂದು ಸೋಮವಾರ ತಾವೇ ವಿಭೂತಿ ಹಚ್ಚಿಕೊಂಡು, "ಈಶ್ವರನ ಗುಡಿಗೆ ಹೋಗಿ ಬರ್ತೇನಿ" ಎಂದು ಕೋಲು ಹಿಡಿದು ಹೊರಟರು. ನನ್ನ ಕಣ್ಣು ತುಂಬಿ ಬಂತು. ಮಂಗಳವಾರ ಗಣಪತಿ, ಗುರುವಾರ ದತ್ತ, ಶುಕ್ರವಾರ ದೇವಿ, ಶನಿವಾರ ಹನುಮಪ್ಪ. ಕಣ್ಣು ಮಂಜಾದರೂ ಒಳಗಣ್ಣು ತೆರೆಯಿತು ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ತಿಂಗಳು ಕಳೆದ ಮೇಲೆ ಹನುಮಪ್ಪನ ಗುಡಿಯ ಪೂಜಾರಪ್ಪ ಸಂತೆಯಲ್ಲಿ ಸಿಕ್ಕ. "ನಿಮ್ಮ ಯಜಮಾನ್ರು ಭಾಳ ನಿಷ್ಠಾವಂತರ್ರಿ ಅಕ್ಕಾರ. ಮಂಗಳಾರತಿಗೆ ಒಂದು ದಿನಾನೂ ಬಂದಿಲ್ಲ, ಪ್ರಸಾದಕ್ಕ ಒಂದು ದಿನಾನೂ ತಪ್ಪಿಸಿಲ್ಲ, ಎರಡೆರಡು ಸಲ ಕೈ ಒಡ್ಡತಾರ."

ನಿಂತಲ್ಲೇ ಬೆರಳು ಮಡಚಿ ಎಣಿಸಿದೆ. ಸೋಮವಾರ ಶಿರಾ, ಮಂಗಳವಾರ ಮೋದಕ, ಗುರುವಾರ ಪೇಢೆ, ಶನಿವಾರ ಬುಂದಿ! ಮನೆಗೆ ಬಂದು ಕೇಳಿದೆ, "ಏನ್ರಿ, ಅದೂ ಎರಡೆರಡು ಸಲ ಕೈ ಒಡ್ಡತೀರಂತ?"

"ಪ್ರಸಾದ ಬ್ಯಾಡ ಅನ್ನೂದು ಪಾಪ ಅಂತ ನೀನ ಹೇಳಿದಾಕಿ."

"ಹೇಳೇನಿ. ಎರಡು ಸಲ ಯಾಕ?"

"ಒಂದು ನನ್ನ ಪಾಲಿಂದು, ಒಂದು ನಿನ್ನ ಪಾಲಿಂದು. ನಿನಗೂ ಪುಣ್ಯ ಬರಲಿ ಅಂತ."

"ಹಂಗಾರ ನನ್ನ ಪಾಲು ಎಲ್ಲಿ?"

"ಮನಿ ದೂರ ಐತಿ" ಅಂದರು. "ದಾರ್‍ಯಾಗ ನಿನ್ನ ಹೆಸರು ಹೇಳಿ ನಾನ ತಿಂದ್ನಿ."

ವಾಕಿಂಗು

ಎರಡನೆಯ ಸಲವೂ ಧಾರವಾಡದಿಂದ ಹಾಗೆಯೇ ಮರಳಿದೆವು. ಈ ಬಾರಿ ಡಾಕ್ಟರಮ್ಮನ ಧ್ವನಿ ಗಟ್ಟಿಯಾಗಿತ್ತು. "ಪೊರೆ ಬಲಿಯಾಕತ್ತೈತಿ. ಭಾಳ ದಿನ ಕಾಯಾಕ ಬರೂದಿಲ್ಲ. ದಿನಾ ನಡೀರಿ."

ಕಾರ್ಖಾನೆಯಲ್ಲಿ ಜೊತೆಗಿದ್ದ ಪಕ್ಕದ ಮನೆಯ ಗೆಳೆಯರು ಕೈ ಹಿಡಿದು ಕರೆದೊಯ್ಯಲು ಒಪ್ಪಿದರು. ದಿನಾ ಮುಂಜಾನೆ ಒಂದು ತಾಸು. ಬೆವರು ಒರೆಸಿಕೊಳ್ಳುತ್ತ ಬರುವರು. ನಾನೂ ಖುಷಿಯಿಂದ ಜಪಮಾಲೆ ಎಣಿಸಿದೆ.

ಒಮ್ಮೆ ನೆಗಡಿಯಾಗಿ ಇವರು ಎರಡು ದಿನ ಹೋಗಲಿಲ್ಲ. ಮೂರನೆಯ ದಿನ ಯಾರೋ ಬಾಗಿಲು ಬಡಿದರು. ಅಪರಿಚಿತ ಮನುಷ್ಯ, ಮುಖದಲ್ಲಿ ನಿಜವಾದ ಕಳವಳ. "ಕಾಕಾರು ಆರಾಮ ಅದಾರೇನ್ರಿ ಅವ್ವಾರ? ಎರಡು ದಿನ ಆತು ಗಾಡಿಗೆ ಬಂದಿಲ್ಲ."

"ಯಾವ ಗಾಡಿ?"

"ಬಸ್ ಸ್ಟ್ಯಾಂಡ್ ಹಂತ್ಯಾಕ ನಂದು ಭಜಿ ಗಾಡಿ ಐತ್ರಿ. ವಾಕಿಂಗ್ ಅಂತ ದಿನಾ ನಮ್ಮಲ್ಲೇ ಬಂದು ಕೂಡ್ತಾರ."

ನನ್ನ ಮುಖ ನೋಡಿ ಪಾಪ ಅವನಿಗೆ ಅನುಮಾನ ಬಂತು. ಸಮಾಧಾನ ಹೇಳಿದ: "ಕಾಳಜಿ ಮಾಡಬ್ಯಾಡ್ರಿ ಅವ್ವಾರ. ಕಾಕಾರಿಗೆ ಸಕ್ಕರಿ ಐತಂತ ನನಗ ಗೊತ್ತೈತಿ. ಚಹಾದಾಗ ಒಂದು ಕಾಳೂ ಹಾಕೂದಿಲ್ಲ. ಬರೇ ಎಂಟು ಮಿರ್ಚಿ ಭಜಿ ಕೊಟ್ಟು ಕಳಸ್ತೇನಿ."

ಆಣೆ

ನಗುವ ಮಾತೆಲ್ಲ ಒಂದು ಸಂಜೆ ನಿಂತುಹೋಯಿತು. ನಾನು ದೇವರ ಮುಂದೆ ಆರತಿ ಬೆಳಗಿ, ತಟ್ಟೆಯನ್ನು ಇವರ ಮುಂದೆ ಹಿಡಿದೆ. ಇವರು ಕೈ ಚಾಚಿದರು. ಕೈ ತಟ್ಟೆಯಿಂದ ಒಂದು ಗೇಣು ಆಚೆ ಹೋಯಿತು. ಇನ್ನೊಮ್ಮೆ ಚಾಚಿದರು, ಈಚೆ ಬಂತು. ನಾನೇ ಕೈ ಹಿಡಿದು ದೀಪದ ಬಿಸಿಗೆ ತಂದೆ.

"ದೀಪಾ ಹಚ್ಚೀಯೇನು?" ಎಂದು ಮೆಲ್ಲಗೆ ಕೇಳಿದರು.

ನಾನು ತಟ್ಟೆ ಕೆಳಗಿಟ್ಟು ಇವರ ಪಕ್ಕ ಕೂತೆ. ಆಮೇಲೆ ಇವರೇ ಅಂದರು, "ಇನ್ನ ನೀ ಏನು ಹಾಕ್ತಿ ಅದನ್ನ ತಿಂತೇನಿ. ನೀ ಎಷ್ಟು ನಡಿ ಅಂತಿ ಅಷ್ಟು ನಡೀತೇನಿ."

"ಚನ್ನಬಸವಣ್ಣನ ಮ್ಯಾಲೆ ಆಣಿ ಮಾಡ್ರಿ."

ಇವರು ಕೈ ಎತ್ತಿದರು, ಯೋಚಿಸಿದರು, ಇಳಿಸಿದರು. "ಬ್ಯಾಡ. ಅಂವ ಎಲ್ಲಾ ನೋಡ್ತಿರ್ತಾನ. ನಿನ್ನ ಮ್ಯಾಲೆ ಮಾಡ್ತೇನಿ."

ಪಟ್ಟಿ ಬಿಚ್ಚಿದ ದಿನ

ಆಣೆ ಯಾರ ಮೇಲಾದರೇನು, ಇವರು ನಡೆಸಿಕೊಟ್ಟರು. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಹೊತ್ತಿಗೆ ಸರಿಯಾಗಿ ಗುಳಿಗೆ. ನಡಿಗೆಗೆ ನಾನೇ ಜೊತೆ ಹೋದೆ. ಮೂರನೆಯ ಸಲ ಡಾಕ್ಟರಮ್ಮ ಚೀಟಿ ನೋಡಿ, "ಏಳಕ್ಕ ಬಂದೈತ್ರಿ! ಇದು ಅಮ್ಮಾರ ಪುಣ್ಯ" ಅಂದರು. ಆಪರೇಷನ್ ಆಯಿತು. ಮರುದಿನ ಮುಂಜಾನೆ ಪಟ್ಟಿ ಬಿಚ್ಚುವಾಗ ನಾನು ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸುತ್ತ ನಿಂತೆ.

ಡಾಕ್ಟರಮ್ಮ ಗೋಡೆಯ ಅಕ್ಷರ ತೋರಿಸಿದರು. ಇವರು ಮೇಲಿನ ಸಾಲು ಓದಿದರು, ನಡುವಿನದು ಓದಿದರು, ಇರುವೆಯಂಥ ಕೊನೆಯ ಸಾಲಿನಲ್ಲೂ ಎರಡು ಅಕ್ಷರ ಹೇಳಿದರು. ಶಿವನೇ! ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೆ ನನ್ನತ್ತ ತಿರುಗಿದರು. ಮೇಲಿನಿಂದ ಕೆಳಗೆ ನೋಡಿದರು. ಕೆಳಗಿನಿಂದ ಮೇಲೆ ನೋಡಿದರು.

"ಹಂಗ್ಯಾಕ ನೋಡ್ತೀರಿ?"

"ನೀ ಇಷ್ಟು ದಪ್ಪ ಯಾವಾಗ ಆದಿ?"

ಡಾಕ್ಟರಮ್ಮನಿಗೂ ಏನು ಹೊಳೆಯಿತೋ, "ಬಂದೀರಿ, ನಿಮ್ದೂ ಒಂದು ಸಲ ನೋಡೇ ಬಿಡೂಣು" ಎಂದು ನನ್ನ ಬೆರಳು ಚುಚ್ಚಿಸಿದರು. ಇನ್ನೂರ ಎಪ್ಪತ್ತು!

"ದಿನಾ ಏನು ತಿಂತೀರಿ ಅಮ್ಮಾರ?"

ಏನು ಹೇಳಲಿ? ಇಷ್ಟು ತಿಂಗಳು ಇವರ ಬಾಯಿಂದ ತಪ್ಪಿಸಿದ್ದೆಲ್ಲ ಎಲ್ಲಿಗೆ ಹೋಗಬೇಕು? ನಾದಿನಿ ಪ್ರೀತಿಯಿಂದ ತಂದದ್ದು, ನೆರೆಮನೆಯವರು ಬಾಗಿನಕ್ಕೆ ಕೊಟ್ಟದ್ದು, ದೇವರ ಮುಂದಿಟ್ಟದ್ದು. ಅನ್ನಪೂರ್ಣೇಶ್ವರಿ ಕೊಟ್ಟದ್ದನ್ನು ತಿಪ್ಪೆಗೆ ಚೆಲ್ಲಲು ಬರುತ್ತದೆಯೇ? ಇವರು ನಿದ್ದೆ ಹೋದ ಮೇಲೆ ಶಿವಾರ್ಪಣ ಎಂದು ಒಂದೊಂದೇ ಚೂರು ನಾನೇ ಮುಗಿಸಿದ್ದೆ. ಎಲ್ಲವನ್ನೂ ಒಪ್ಪಿಕೊಂಡೆ.

ಡಾಕ್ಟರಮ್ಮ ಪಥ್ಯದ ಚೀಟಿ ಬರೆದು ಇವರ ಕೈಗೇ ಕೊಟ್ಟರು. "ಈಗ ಕಣ್ಣು ಬಂದೈತಲ್ರಿ, ಇನ್ನ ನೀವು ಇವರನ್ನ ಕಾಯ್ರಿ."

ಇವರು ಚೀಟಿ ಓದಿದರು, ನನ್ನನ್ನು ನೋಡಿದರು, ಡಾಕ್ಟರಮ್ಮನಿಗೆ ಎರಡೂ ಕೈ ಮುಗಿದರು.

"ಈಕೀನ್ನ ಕಾಯಾಕ ಒಂದ ಕಣ್ಣು ಸಾಲೂದಿಲ್ರಿ ಡಾಕ್ಟರ್ರ. ಆ ಬಲಗಣ್ಣಿಗೂ ಏನರ ಒಂದು ಮಾಡ್ರಿ."

ಇದನ್ನು ಕೇಳಿಸಿಕೊಂಡ ತಾಯಂದಿರೇ, ಅಣ್ಣಂದಿರೇ, ನಿಮ್ಮೆಲ್ಲರ ಕಣ್ಣ ಬೆಳಕು ನೂರು ವರ್ಷ ಮಾಸದಿರಲಿ. ನಿಮ್ಮ ಕಾಲು ನಡೆಯುತ್ತಿರಲಿ, ಬಾಯಿ ಹಿಡಿತದಲ್ಲಿರಲಿ, ನಿಮ್ಮನ್ನು ಕಾಯುವವರ ಮೇಲೂ ಶಿವನ ಕಣ್ಣು ಇರಲಿ. ಶರಣು ಶರಣಾರ್ಥಿ.